ಮಲ್ಪೆಯ ದ್ವೀಪಕ್ಕೆ ಕಲ್ಲು ನೋಡಲು ಹೋಗುವವರಿಗೆ

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ತೆಂಗಿನ ಮರಗಳ ನೆರಳಲ್ಲಿ ಕೂತು, ನಾಲ್ಕು ಫೋಟೊ ತೆಗೆಸಿಕೊಂಡು ಮುಂದಿನ ದೋಣಿಗೆ ಮರಳುತ್ತಾರೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದದ್ದಕ್ಕೆ ಸಾಕ್ಷಿ ಹೇಳುವ ಬಂಡೆಯ ಮೇಲೆಯೇ ಚಪ್ಪಲಿ ಕಳಚಿಟ್ಟಿರುತ್ತಾರೆ. ಆ ಬಂಡೆಗೆಂದೇ ಹೋಗುವುದಾದರೆ ತಯಾರಿ ಸ್ವಲ್ಪ ಬೇರೆ.

ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸುಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ದೋಣಿ ಇಲ್ಲ. ಉಳಿದ ದಿನಗಳಲ್ಲೂ ಕಡಲು ಮುನಿದರೆ ನಿಲ್ಲಿಸುತ್ತಾರೆ, ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಜನ ಸೇರುವ ತನಕ ದೋಣಿ ಹೊರಡದೆ ಕಾಯಬೇಕಾಗಬಹುದು. ಬೆಳಗಿನ ದೋಣಿಯನ್ನೇ ಹಿಡಿಯಿರಿ: ಕಪ್ಪು ಬಂಡೆ ಮಧ್ಯಾಹ್ನ ಕಾದ ಕಾವಲಿ. ಅದಕ್ಕಿಂತ ಮುಖ್ಯವಾದದ್ದು ಕಡಲಿಳಿತದ ವೇಳೆ. ನೀರು ಇಳಿದಾಗ ಕಾಣುವ ಕಂಬಗಳು ಉಬ್ಬರದಲ್ಲಿ ಅರ್ಧಕ್ಕರ್ಧ ಮುಳುಗಿರುತ್ತವೆ. ಹಿಡಿತವಿರುವ ಚಪ್ಪಲಿ ಬೇಕು. ದಂಡೆಯಲ್ಲಿ ಮರಳಿಗಿಂತ ಒಡೆದ ಚಿಪ್ಪುಗಳೇ ಹೆಚ್ಚು, ಪಾಚಿ ಕಟ್ಟಿದ ಬಂಡೆಯಂತೂ ಕಾಲನ್ನು ನಿಲ್ಲಗೊಡುವುದಿಲ್ಲ. ಕುಡಿಯುವ ನೀರು ಜೊತೆಗಿರಲಿ.

ಜನಜಂಗುಳಿ ಬಿಟ್ಟು ಬಂಡೆಗಳ ಕಡೆ ನಡೆಯಿರಿ. ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ, ಕೆಲವು ವಾಲಿವೆ. ನಮ್ಮ ಜೊತೆ ದೋಣಿಯಲ್ಲಿ ಬಂದಿದ್ದ ಹಿರಿಯರೊಬ್ಬರು ಒಂದು ಕಂಬದ ಅಂಚನ್ನು ಸವರಿ, "ಯಾವ ರಾಜ ಕೆತ್ತಿಸಿದ್ದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹೊರಚೆಲ್ಲಿದ ಲಾವಾ ತಣಿಯುತ್ತಾ ಕುಗ್ಗಿತು, ಕುಗ್ಗಿದ್ದರಿಂದ ಬಿರುಕು ಬಿಟ್ಟಿತು, ಆ ಬಿರುಕುಗಳು ತಣಿದಷ್ಟೂ ಆಳಕ್ಕೆ ಇಳಿದು ಕಂಬಗಳಾದವು. ದಖನ್ ಪ್ರಸ್ಥಭೂಮಿಯ ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆ ಇದಲ್ಲ. ಸಿಲಿಕಾ (ಮರಳಿನಲ್ಲಿರುವ ಖನಿಜಾಂಶ) ಹೆಚ್ಚಿರುವ, ರಯೋಲೈಟ್ ಎಂಬ ಜಾತಿಯ ಲಾವಾ ಶಿಲೆ. ದಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷವಾದರೆ ಇದಕ್ಕೆ 9 ಕೋಟಿಯ ಆಸುಪಾಸು.

ಈ ವಯಸ್ಸೇ ಕಥೆಯ ಕೀಲಿ. ಮಡಗಾಸ್ಕರ್‌ನಲ್ಲೂ ಇದೇ ಕಾಲದ ಲಾವಾ ವಿಪುಲವಾಗಿದೆ. ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಹಳೆಯ ಮಹಾಖಂಡ ಗೊಂಡ್ವಾನ ಒಡೆದ ಮೇಲೂ ಈ ಎರಡು ನೆಲಗಳು ಅಂಟಿಕೊಂಡೇ ಇದ್ದವು. ನಡುವಿನ ಶಿಲಾಪದರ ಹಿಗ್ಗಿ ತೆಳುವಾಗಿ ಸೀಳಿದಾಗ ಲಾವಾ ಮೇಲೆ ಬಂತು. ಆಗ ಈ ಜಾಗ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಈಗ ಎರಡರ ನಡುವೆ ಸುಮಾರು 4,000 ಕಿಲೋಮೀಟರ್ ಕಡಲು.

ಖಂಡಗಳು ಸರಿಯುತ್ತವೆ ಎಂದು ಜರ್ಮನಿಯ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ, ಸರಿಸುವ ಬಲ ಯಾವುದು ಎಂಬ ಪ್ರಶ್ನೆಗೆ ಅವರ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. ಅವರು 1930ರಲ್ಲಿ ಗ್ರೀನ್‌ಲೆಂಡ್‌ನ ಹಿಮದಲ್ಲಿ ತೀರಿಕೊಂಡರು. ಕಡಲತಳದ ಏಣುಗಳಲ್ಲಿ, ಅಂದರೆ ನೀರಿನಡಿಯ ಉದ್ದನೆಯ ಬೆಟ್ಟಸಾಲುಗಳಲ್ಲಿ, ಹೊಸ ನೆಲ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂಬುದು 1960ರ ದಶಕದಲ್ಲಿ ಖಚಿತವಾದ ಮೇಲೆಯೇ ಚಿತ್ರ ಪೂರ್ತಿಯಾದದ್ದು. ಸರಿಯುವುದು ಬರೀ ಖಂಡವಲ್ಲ, ಖಂಡವನ್ನೂ ಕಡಲತಳವನ್ನೂ ಒಟ್ಟಿಗೆ ಹೊತ್ತ, ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡಾದ ಫಲಕ (ಪ್ಲೇಟ್). ಹಾಗಾಗಿ ಮಲ್ಪೆಯಲ್ಲಿ ನಿಂತರೆ ಫಲಕದ ಅಂಚಿನಲ್ಲಿ ನಿಂತಂತಲ್ಲ. ಪಶ್ಚಿಮದ ಅಂಚು ದೂರದ ಅರಬ್ಬಿ ಸಮುದ್ರದ ತಳದಲ್ಲಿ, ಕಾರ್ಲ್ಸ್‌ಬರ್ಗ್ ಏಣಿನಲ್ಲಿದೆ. ಉತ್ತರದ ಅಂಚು ಹಿಮಾಲಯ. ಭೂಕಂಪದ ಭಯವೂ ಅಲ್ಲಿಯದೇ ಹೆಚ್ಚು.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೆನಪಿಗೆಂದು ಚೂರು ಕಲ್ಲನ್ನೂ ಎತ್ತಬೇಡಿ, ಹೆಸರು ಗೀಚುವ ಮಕ್ಕಳನ್ನು ತಡೆಯಿರಿ. ಕಂಬಗಳ ತುದಿಗೆ ಹತ್ತಿ ಸೆಲ್ಫಿ ತೆಗೆಯುವವರನ್ನು ಕಾವಲಿನವರು ಶಿಳ್ಳೆ ಊದಿ ಇಳಿಸುತ್ತಾರೆ. ಅವರ ಮಾತು ಕೇಳಿ, ಅಲೆಗೆ ಮುನ್ಸೂಚನೆಯಿಲ್ಲ.

ಮರಳುವಾಗ ಸಮಯವಿದ್ದರೆ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತಿ. ಪಶ್ಚಿಮಕ್ಕೆ ಗೋಡೆಯಂತೆ ಕಡಿದು ನಿಂತ ಆ ಮೈ, ಖಂಡ ಸೀಳಿದಾಗ ಎದ್ದ ಅಂಚು ಮಳೆಗೆ ಸವೆದು ಹಿಂದೆ ಸರಿದು ಉಳಿದದ್ದೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಘಾಟಿಯಲ್ಲಿ ಮಿನಿ ಬಸ್ಸುಗಳಷ್ಟೇ ಓಡುತ್ತವೆ, ಸಂಜೆ ಸೀಟು ಸಿಗುವುದು ಕಷ್ಟ. ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಉಡುಪಿ ಬಿಡುವುದು ಒಳ್ಳೆಯದು.