ಖಾಲಾಗೆ ಝಕಾತ್ ಕೊಡಬಹುದಾ?

"ಅವಳಿಗೆ ಸ್ವಂತ ಮನೆ ಇದೆಯಲ್ಲೋ, ಝಕಾತ್ ಹೇಗೆ ಸಲ್ಲುತ್ತೆ?" ಹೋದ ರಂಜಾನಿನಲ್ಲಿ ಅಬ್ಬಾ ಕೇಳಿದಾಗ ನಾನು ಸುಮ್ಮನಾದೆ. ಝಕಾತ್ ಅಂದರೆ ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ.

ಮಾತು ಖಾಲಾ ಬಗ್ಗೆ. ಅಮ್ಮಿಯ ತಂಗಿ. ಶಿಡ್ಲಘಟ್ಟದಲ್ಲೇ, ನಮ್ಮಿಂದ ಎರಡು ಬೀದಿ ಆಚೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ದಿನವೆಲ್ಲ ಬಿಸಿನೀರಿನಲ್ಲಿ ಗೂಡು ಬಿಡಿಸಿ ಬೆರಳ ತುದಿ ಬೆಳ್ಳಗೆ ಸುಲಿದಿರುತ್ತದೆ. ಯಾರ ಹತ್ತಿರವೂ ಕೈ ಚಾಚಿದವರಲ್ಲ. ಹಬ್ಬಕ್ಕೆ ಹೋದರೆ ಇಸ್ತ್ರಿ ಮಾಡಿದ ಸೀರೆ ಉಟ್ಟು ನಮಗೇ ಶೀರ್ ಖುರ್ಮಾ ಕೊಡುತ್ತಾರೆ.

ಮಸೀದಿಯ ಹಜ್ರತ್ (ಧರ್ಮಗುರು) ಹತ್ತಿರ ಹೋಗಿ ಕೇಳಿದೆ. ನಮ್ಮ ಕಡೆ ಜಾಸ್ತಿ ಜನ ಹನಫಿಗಳು, ಅಂದರೆ ಇಸ್ಲಾಮಿನ ಧರ್ಮನಿಯಮಗಳಲ್ಲಿ ಹನಫಿ ಪಂಥ ಅನುಸರಿಸುವವರು. ಹಜ್ರತ್ ಹೇಳಿದ್ದೂ ಅದೇ ಲೆಕ್ಕ. ವಾಸದ ಮನೆ, ಬಟ್ಟೆ, ಪಾತ್ರೆ, ದುಡಿಮೆಯ ಸಾಮಾನು ಇವನ್ನು ಆಸ್ತಿ ಅಂತ ಎಣಿಸುವುದಿಲ್ಲ. ಖಾಲಾ ಮನೆಯ ಹೊಲಿಗೆ ಮೆಷಿನ್ ಕೂಡ ಲೆಕ್ಕಕ್ಕಿಲ್ಲ. ಇವೆಲ್ಲ ಬಿಟ್ಟು, ಸಾಲವನ್ನೂ ಕಳೆದು ಉಳಿಯುವುದು 612.36 ಗ್ರಾಂ ಬೆಳ್ಳಿಯ ಬೆಲೆಗಿಂತ ಕಡಿಮೆ ಇದ್ದರೆ ಝಕಾತ್ ತೆಗೆದುಕೊಳ್ಳಬಹುದು. ಕೂಲಿ ಬರುತ್ತಿದ್ದರೂ ಸರಿ.

"ಒಂದು ಚಿನ್ನದ ಚೈನ್ ಇದೆ" ಅಂದೆ. ಅಲ್ಲೇ ತೊಡಕು. ಬೆಳ್ಳಿಯ ಮಿತಿ ಚಿಕ್ಕದು, ಒಂದು ಚೈನ್ ಸಾಕು ಅದನ್ನು ದಾಟಲು. ಆದರೆ ಮಗಳ ಮದುವೆಗೆ ಆ ಚೈನ್ ಅಡವು ಹೋಗಿ ಎರಡು ವರ್ಷ ಆಗಿತ್ತು. ಮೇಲೆ ಸಂಘದ ಸಾಲ ಬೇರೆ. ಎಲ್ಲ ಕೂಡಿಸಿದರೆ ಚೈನಿನ ಬೆಲೆಗಿಂತ ಸಾಲವೇ ಜಾಸ್ತಿ. ಹಜ್ರತ್ ತಡಮಾಡದೆ "ಕೊಡಿ" ಅಂದರು. ಕುರ್‌ಆನಿನ 9ನೇ ಅಧ್ಯಾಯದ 60ನೇ ವಾಕ್ಯದಲ್ಲಿ ಹೇಳಿರುವ ಎಂಟು ಬಗೆಯ ಜನರಲ್ಲಿ ಬಡವರ ಜೊತೆ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ.

ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಗಂಡ ಹೆಂಡತಿ, ಇವರಿಗೆ ಕೊಡುವಂತಿಲ್ಲ. ಅವರನ್ನು ನೋಡಿಕೊಳ್ಳುವುದು ಹೇಗೂ ನಮ್ಮ ಹೊಣೆ ಅಲ್ವಾ? ಖಾಲಾ, ಫುಫ್ಪು (ಅಪ್ಪನ ಅಕ್ಕ ತಂಗಿ), ಅಣ್ಣ, ತಂಗಿ ಬಡವರಾಗಿದ್ದರೆ ಕೊಡಬಹುದು. ದಾನದ ಪುಣ್ಯವೂ ಬರುತ್ತದೆ, ಸಂಬಂಧ ಉಳಿಸಿಕೊಂಡ ಪುಣ್ಯವೂ ಬರುತ್ತದೆ.

ನನಗೆ ಇಷ್ಟು ವರ್ಷ ಗೊತ್ತಿರದ ಮಾತು ಇನ್ನೊಂದಿತ್ತು. ಕೊಡುವಾಗ ಇದು ಝಕಾತ್ ಅಂತ ಬಾಯಿಬಿಟ್ಟು ಹೇಳಬೇಕಿಲ್ಲ, ಮನಸ್ಸಿನಲ್ಲಿ ನಿಯ್ಯತ್, ಅಂದರೆ ಆ ಉದ್ದೇಶ, ಇದ್ದರೆ ಸಾಕು. ಆದರೆ ಹಣ ಅವರದೇ ಆಗಬೇಕು. ಹೀಗೇ ಖರ್ಚು ಮಾಡಿ ಅಂತ ನಾವು ಕಟ್ಟುಹಾಕಬಾರದು. ಇಷ್ಟು ವರ್ಷ ಮನೆ ಬಾಗಿಲಿಗೆ ಬಂದವರಿಗೆ ಚಿಲ್ಲರೆ ಹಂಚಿದೆವು. ಕೇಳದೆ ಕೂತ ನಮ್ಮವರ ಮನೆಗೆ ಹೋಗಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು.

ರಂಜಾನಿನ 27ನೇ ರಾತ್ರಿ ಅಮ್ಮಿ ಹಣದ ಕವರ್ ತೆಗೆದುಕೊಂಡು ಖಾಲಾ ಮನೆಗೆ ಹೋದರು. "ಈದ್‌ಗೆ ಇಟ್ಕೋ" ಅಂದರಂತೆ, ಅಷ್ಟೇ.

ಬಕ್ರೀದ್‌ಗೆ ಖಾಲಾ ನಮ್ಮ ಮನೆಗೆ ಬಂದಾಗ ಕುತ್ತಿಗೆಯಲ್ಲಿ ಚೈನ್ ಇತ್ತು. ಅಬ್ಬಾ ಅದನ್ನು ನೋಡಿದರು, ಏನೂ ಹೇಳಲಿಲ್ಲ, ಇನ್ನೊಂದು ಲೋಟ ಚಾ ತರಲು ಎದ್ದು ಹೋದರು.