ಪಟ್ಟಿಯಲ್ಲಿ ಇಲ್ಲದ ಅಜ್ಜಿ

ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕಿರ್ದಿ ಬರೆದವನು ನಾನು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅಂಗಳದ ತುಂಬ ಚೀಲ ಬಿದ್ದಿದ್ದರೂ ರೈತನ ಕೈಗೆ ಕೊಡುವ ಪಟ್ಟಿಯಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ಮಾಡಿದವನಲ್ಲ ಎಂಬ ಹಮ್ಮು ನನಗಿತ್ತು. ಐದು ವರ್ಷದ ಹಿಂದೆ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರು ನನ್ನನ್ನು ಸಭಾಸೇವಕನನ್ನಾಗಿ (ಡೀಕನ್) ಆರಿಸಿದ್ದು ಆ ಹಮ್ಮನ್ನು ನಂಬಿಕೊಂಡೇ ಇರಬೇಕು. ಭಾನುವಾರದ ಕಾಣಿಕೆಯನ್ನು ಇನ್ನೊಬ್ಬರ ಎದುರಿಗೆ ಎಣಿಸುವುದು, ಕರೆಂಟ್ ಬಿಲ್ ಕಟ್ಟುವುದು, ಮದುವೆಗೆಂದು ಒಯ್ದ ಪ್ಲಾಸ್ಟಿಕ್ ಕುರ್ಚಿಗಳು ಅಷ್ಟೇ ಸಂಖ್ಯೆಯಲ್ಲಿ ಹಿಂದಿರುಗಿದವೇ ಎಂದು ನೋಡುವುದು (ಎಂದೂ ಹಿಂದಿರುಗುವುದಿಲ್ಲ), ತಿಂಗಳ ಮೊದಲ ಭಾನುವಾರ ವಿಧವೆಯರಿಗೆ ಹತ್ತು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಒಂದು ಪೊಟ್ಟಣ ಎಣ್ಣೆ ಹಂಚುವುದು. ಕೆಲಸ ಇಷ್ಟೇ.

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಅಕ್ಕಿ ಹಂಚಿ ಮುಗಿಸಿ, ಖಾಲಿ ಚೀಲಗಳನ್ನು ಕೊಡವಿ ಮಡಚುತ್ತಿದ್ದೆ. ಗೇಟಿನ ಬಳಿ ಒಬ್ಬ ಅಜ್ಜಿ ಒದ್ದೆ ಸೆರಗನ್ನು ಹಿಂಡುತ್ತ ನಿಂತಿದ್ದರು. ಏನನ್ನೂ ಕೇಳಲಿಲ್ಲ. ಅವರ ಪಕ್ಕದಲ್ಲಿದ್ದ, ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವ ಅಕ್ಕ ನನ್ನನ್ನು ಕರೆದು, ‘ಅಣ್ಣಾ, ಇವರ ಯಜಮಾನರು ಹೋಗಿ ಐದು ತಿಂಗಳಾಯಿತು. ನೀವೇ ಮಣ್ಣಿಗೆ ಬಂದಿದ್ದಿರಿ. ಒಂದು ಸಲವೂ ಅಕ್ಕಿ ಬಂದಿಲ್ಲವಲ್ಲ’ ಎಂದರು.

ಹೌದು, ಬಂದಿದ್ದೆ. ಸಮಾಧಿಗೆ ಹೂವಿನ ಹಾರ ತಂದವನು ನಾನೇ, ಅದರ ಖರ್ಚನ್ನು ಕಿರ್ದಿಯಲ್ಲಿ ಬರೆದವನೂ ನಾನೇ. ಅಜ್ಜಿಯ ಹೆಸರನ್ನು ಮಾತ್ರ ಬರೆದಿರಲಿಲ್ಲ. ಹೆಸರು ಕೊಡಬೇಕಾದವರು ಆರಾಧನೆಯ ನಂತರ ಬಂದು ಕೊಡಬೇಕೆಂದು ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟಿಸುತ್ತಿದ್ದೆ. ಅಜ್ಜಿಯದು ತೆಲುಗು. ಕಟ್ಟಡ ಕೆಲಸಕ್ಕೆಂದು ಆಂಧ್ರದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ಏಳೆಂಟು ಕುಟುಂಬಗಳು ನಮ್ಮ ಸಭೆಯಲ್ಲಿವೆ. ಹಾಡುಗಳನ್ನು ಅವರು ಬಾಯಿಪಾಠದಿಂದ ಹಾಡುತ್ತಾರೆ, ಆದ್ದರಿಂದ ಪ್ರಕಟಣೆಯೂ ತಿಳಿಯುತ್ತದೆ ಎಂದುಕೊಂಡಿದ್ದೆ. ಆ ಸಂಜೆ ಅಕ್ಕನನ್ನು ಕೂರಿಸಿಕೊಂಡು ಪಟ್ಟಿ ತಾಳೆ ನೋಡಿದೆ. ತೆಲುಗಿನ ವಿಧವೆಯರು ಐವರು. ಅವರಲ್ಲಿ ಪಟ್ಟಿಯಲ್ಲಿದ್ದವರು ಒಬ್ಬರೇ. ಕನ್ನಡದವರ ಹೆಸರು ಒಂದೂ ತಪ್ಪಿರಲಿಲ್ಲ.

ರಾತ್ರಿ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ತೆಗೆದೆ. ನನ್ನ ನೇಮಕದ ದಿನ ಓದಿದ್ದೂ ಅದೇ ಭಾಗ. ಅಂದು ಕಿವಿಗೆ ಬಿದ್ದದ್ದು ‘ಒಳ್ಳೆಯ ಹೆಸರು ಪಡೆದ ಏಳು ಮಂದಿ’ ಎಂಬಷ್ಟೇ, ಹಮ್ಮಿಗೆ ಅಷ್ಟು ಸಾಕಾಗಿತ್ತು. ಜಗಳ ಹುಟ್ಟಿದ್ದು ಯಾತಕ್ಕೆ ಎಂಬುದು ಮೊದಲ ವಚನದಲ್ಲೇ ಇದೆ. ಯೆರೂಸಲೇಮಿನ ಸಭೆ ಬೆಳೆಯುತ್ತಿದೆ. ಗ್ರೀಕ್ ಮಾತನಾಡುವವರು ಇಬ್ರಿಯ ಮಾತಿನವರ ಮೇಲೆ ಗೊಣಗುತ್ತಿದ್ದಾರೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನೇ ಬಿಟ್ಟುಬಿಡುತ್ತಿದ್ದಾರೆ ಎಂಬುದು ಅವರ ದೂರು. ಅಲ್ಲಿಯೂ ಯಾರೂ ಕದ್ದಿರಲಿಲ್ಲ, ಅಲ್ಲಿನ ಪಟ್ಟಿಯನ್ನೂ ನನ್ನಂಥವನೊಬ್ಬ ಬರೆದಿರಬೇಕು.

ನಮ್ಮ ಸಭಾಪಾಲಕರು ಸೆಮಿನರಿಯಲ್ಲಿ ಗ್ರೀಕ್ ಕಲಿತವರು. ಮಾರನೆಯ ದಿನ ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡಾಗ ಅವರು ಬೈಯಲಿಲ್ಲ. ಚಹಾ ಕೊಟ್ಟು, ಆ ದೂರಿನ ನಂತರ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಜನರ ಹೆಸರನ್ನು ಗಟ್ಟಿಯಾಗಿ ಓದಲು ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ‘ಏನು ಕಾಣುತ್ತದೆ?’ ಎಂದರು. ನನಗೇನೂ ಕಾಣಲಿಲ್ಲ. ‘ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾದದ್ದು ಯಾರಿಗೋ ಅವರ ಕೈಗೇ ಉಗ್ರಾಣದ ಬೀಗದ ಕೈ ಕೊಟ್ಟರು’ ಎಂದರು. ಆ ಕಾಲದ ಯೆಹೂದ್ಯರಲ್ಲಿ ಗ್ರೀಕ್ ಹೆಸರು ಇಟ್ಟುಕೊಂಡವರೆಲ್ಲ ಗ್ರೀಕ್ ಮಾತಿನವರೇ ಆಗಬೇಕಿಲ್ಲ ಎಂದೂ ಸೇರಿಸಿದರು. ಆದರೂ ಏಳಕ್ಕೆ ಏಳೂ ಹಾಗೇ ಬಂದದ್ದು ಆಕಸ್ಮಿಕ ಎನ್ನಲು ಲೆಕ್ಕ ಬರೆಯುವ ನನ್ನ ಮನಸ್ಸು ಒಪ್ಪುವುದಿಲ್ಲ.

ಅದೇ ಅಧ್ಯಾಯದಲ್ಲಿ ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ‘ಊಟ ಬಡಿಸುವುದು’ ಎಂದ ಕಡೆ ಇರುವ ಗ್ರೀಕ್ ಪದ ‘ತ್ರಪೇಜ’, ಅಂದರೆ ಮೇಜು. ಉಣ್ಣುವ ಮೇಜಿಗೂ ಅದೇ ಪದ, ಯೇಸು ದೇವಾಲಯದಲ್ಲಿ ಕೆಡವಿದ ಹಣ ಬದಲಾಯಿಸುವವರ ಮೇಜಿಗೂ ಅದೇ ಪದವಂತೆ. ಗುಮಾಸ್ತನಾದ ನನಗೆ ಇದು ಬಹಳ ಹಿಡಿಸಿತು. ಅದಕ್ಕಿಂತ ದೊಡ್ಡ ಮಾತು ‘ದಿಯಕೊನಿಯ’ ಎಂಬ ಪದದ್ದು. ಅಕ್ಕಿ ಹಂಚುವುದಕ್ಕೂ ಅದೇ ಪದ, ಮೂರು ವಚನ ದಾಟಿ ಅಪೊಸ್ತಲರ ವಾಕ್ಯೋಪದೇಶಕ್ಕೂ ಅದೇ ಪದ. ಎರಡೂ ಸೇವೆಯೇ. ಆ ಏಳು ಜನರನ್ನು ಮಾತ್ರ ಪುಸ್ತಕ ಎಲ್ಲಿಯೂ ‘ದಿಯಕೊನ’ (ಸೇವಕ, ಇಂದಿನ ಡೀಕನ್) ಎಂದು ಕರೆಯುವುದಿಲ್ಲ. ಮುಂದೆ ಒಂದು ಕಡೆ ಫಿಲಿಪ್ಪನನ್ನು ‘ಏಳು ಮಂದಿಯಲ್ಲಿ ಒಬ್ಬನು’ ಎನ್ನುತ್ತದೆ, ಅಷ್ಟೇ. ಸಭಾಸೇವಕ ಎಂಬ ಹುದ್ದೆ ಸ್ಪಷ್ಟವಾಗಿ ಕಾಣಿಸುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ವಚನದಲ್ಲಿ, ಸಭಾಧ್ಯಕ್ಷರ ಜೊತೆಗೆ. ಆಮೇಲೆ 1 ತಿಮೊಥೆಯ 3ರಲ್ಲಿ.

ಈ ಸಭಾಧ್ಯಕ್ಷರು ಬೇರೆ, ಹಿರಿಯರು ಬೇರೆ ಅಲ್ಲ ಎಂಬುದು ನಮ್ಮ ಸಭೆಯ ತಿಳಿವಳಿಕೆ. ಫಿಲಿಪ್ಪಿಯವರಿಗೆ ಪತ್ರ ಬರೆದ ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ, ಅವರನ್ನೇ ಅಧ್ಯಕ್ಷರೆನ್ನುತ್ತಾನೆ. ಬೇರೆ ಸಭೆಗಳಲ್ಲಿ ಬೇರೆ ಕ್ರಮವಿದೆ. 1947ರಲ್ಲಿ ಹುಟ್ಟಿದ ಸಿಎಸ್‌ಐಯಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್, ಪ್ರೆಸ್ಬಿಟರ್ (ಅಯ್ಯನವರು), ಡೀಕನ್ ಎಂದು ಮೂರು ಮೆಟ್ಟಿಲು. ಅಲ್ಲಿಗೆ ಹೋಗುವ ನನ್ನ ಭಾವಮೈದುನನಿಗೆ ಡೀಕನ್ ಎಂದರೆ ಇನ್ನೇನು ಅಯ್ಯನವರಾಗಲಿರುವ ಹುಡುಗ. ನಾನೂ ಡೀಕನ್ ಎಂದಾಗ ಅವನು ನಕ್ಕಿದ್ದ. ಸಭಾ ಸುಧಾರಕ ಕ್ಯಾಲ್ವಿನ್‌ನ ಜಿನೀವಾದಲ್ಲಿ 1541ರ ಕಟ್ಟಳೆ ಇಬ್ಬಗೆಯ ಡೀಕನ್ನರನ್ನು ಇಟ್ಟಿತ್ತು: ಬಡವರ ನಿಧಿಯನ್ನು ನೋಡಿಕೊಳ್ಳುವವರು, ರೋಗಿಗಳನ್ನೂ ಬಡವರನ್ನೂ ಉಪಚರಿಸುವವರು. ನಾನು ಮೊದಲನೆಯದನ್ನು ಮಾಡುತ್ತ ಎರಡನೆಯದೂ ಆಯಿತೆಂದು ತಿಳಿದಿದ್ದೆ.

ತಿಮೊಥೆಯನ ಪತ್ರದಲ್ಲಿ ಹಿರಿಯರಿಗೂ ಸೇವಕರಿಗೂ ಹಾಕಿರುವ ಷರತ್ತುಗಳು ಹೆಚ್ಚುಕಡಿಮೆ ಒಂದೇ: ಕುಡುಕನಾಗಿರಬಾರದು, ಹಣದಾಸೆ ಇರಬಾರದು, ಮನೆಯನ್ನು ಚೆನ್ನಾಗಿ ನಡೆಸಿರಬೇಕು. ಬೋಧಿಸಲು ಶಕ್ತನಾಗಿರಬೇಕೆಂಬ ಮಾತು ಹಿರಿಯನಿಗೆ ಮಾತ್ರ. ಎರಡು ಮಾತಿನವನಾಗಿರಬಾರದೆಂಬ ಮಾತು ಸೇವಕನ ಪಾಲಿಗೆ ಬಂದಿದೆ. ಮನೆಮನೆಗೆ ಹೋಗಿ ಕಷ್ಟ ಕೇಳಿ, ಅದನ್ನು ಹಿರಿಯರ ಮುಂದೆ ಹೇಳುವವನು ಅಲ್ಲೊಂದು ಇಲ್ಲೊಂದು ಆಡಿದರೆ ಏನಾಗುತ್ತದೆಂದು ದಲ್ಲಾಳಿ ಅಂಗಡಿಯಲ್ಲಿ ಕೂತವನಿಗೆ ವಿವರಿಸಬೇಕಾಗಿಲ್ಲ.

ಹಿರಿಯರ ಕೂಟದಲ್ಲಿ ನಾನು ಕೇಳಿದ್ದು ಒಂದೇ. ಆ ಅಕ್ಕನನ್ನು ಸಭಾಸೇವಕಿಯನ್ನಾಗಿ ಮಾಡಿ, ವಿಧವೆಯರ ಪಟ್ಟಿಯನ್ನು ಅವರ ಕೈಗೆ ಕೊಡಿ. ನಾಲ್ವರು ಹಿರಿಯರಲ್ಲಿ ಇಬ್ಬರು ಕೂಡಲೇ ಒಪ್ಪಿದರು. ಒಬ್ಬರು, ‘ತೆಲುಗಿನವರಿಗೆ ತೆಲುಗಿನವರು ಎಂದರೆ ಸಭೆ ಒಡೆದಂತೆ ಆಗುವುದಿಲ್ಲವೇ?’ ಎಂದರು. ಪಟ್ಟಿ ಎಲ್ಲರದೂ ಅವರ ಬಳಿಯೇ ಇರಲಿ, ಕನ್ನಡದವರದೂ ಸೇರಿ, ಎಂದೆ. ಅವರು ಸುಮ್ಮನಾದರು. ಉಳಿದ ಒಬ್ಬರು ಹಿಡಿದದ್ದು ‘ಸೇವಕಿ’ ಎಂಬ ಮಾತನ್ನು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಬರುವ ಫೊಯಿಬೆಯನ್ನು ಕೆಂಕ್ರೆಯ ಸಭೆಯ ‘ದಿಯಕೊನ’ ಎಂದಿದೆ. ಅದು ಹುದ್ದೆಯಲ್ಲ, ಸಾಮಾನ್ಯ ಅರ್ಥದ ಸೇವೆ, ಅಧಿಪತಿಗೂ ಪೌಲನು ಅದೇ ಪದ ಬಳಸಿದ್ದಾನೆ ಎಂದು ಅವರ ವಾದ. ಪದ ಬಳಸಿರುವುದು ನಿಜ. ಆದರೆ ಇಂಥ ಊರಿನ ಸಭೆಯದು ಎಂದು ಹೆಸರು ಹಿಡಿದು ಹೇಳಿದ ಮೇಲೆ ಅದು ಹುದ್ದೆಯೆಂದೇ ನನಗೆ ತೋರುತ್ತದೆ. 1 ತಿಮೊಥೆಯ 3:11ರ ‘ಸ್ತ್ರೀಯರು’ ಸೇವಕರ ಹೆಂಡತಿಯರೋ ಸೇವಕಿಯರೋ ಎಂಬಲ್ಲಿಗೆ ಬಂದಾಗ ರಾತ್ರಿ ಹತ್ತು ಹೊಡೆದಿತ್ತು. ಆ ಹಿರಿಯರು ನನಗೆ ಬ್ಯಾಪ್ಟಿಸಮ್ ತರಗತಿ ನಡೆಸಿದವರು, ಗೌರವವಿದೆ. ಪ್ರಾರ್ಥನೆ ಮಾಡಿ ಎದ್ದೆವು. ಹುದ್ದೆಯ ಮಾತು ಇನ್ನೂ ಬಗೆಹರಿದಿಲ್ಲ. ‘ಮೊದಲು ಪರೀಕ್ಷಿಸಲ್ಪಡಲಿ’ ಎಂಬ ವಚನದ ಆಸರೆಯಲ್ಲಿ ಕೆಲಸವನ್ನಂತೂ ಕೊಟ್ಟಿದ್ದಾರೆ.

ಅಕ್ಕ ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡಿದ್ದಾರೆ, ತಮ್ಮ ದುಡ್ಡಿನಲ್ಲಿ. ಭಟ್ಟಿ ಬಿಟ್ಟ ಮೇಲೆ ಸಂಜೆ ಎರಡು ಮನೆ, ಮೂರು ಮನೆ ಸುತ್ತುತ್ತಾರೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಅಕ್ಕಿಯ ಬದಲು ರಾಗಿ ಬೇಕು, ಯಾರ ಮಗ ಅಕ್ಕಿಯನ್ನು ಒಯ್ದು ಮಾರುತ್ತಾನೆ, ಎಲ್ಲವೂ ಅದರಲ್ಲಿದೆ. ನನ್ನ ಪಟ್ಟಿಯಲ್ಲಿ ಹೆಸರು ಮತ್ತು ಕಿಲೋ ಬಿಟ್ಟರೆ ಬೇರೆ ಕಲಮುಗಳಿರಲಿಲ್ಲ. ಮೊನ್ನೆ ಭಾನುವಾರ ತಾಳೆ ನೋಡಲೆಂದು ಅದನ್ನು ಕೈಗೆ ತೆಗೆದುಕೊಂಡೆ. ಬರೆದಿರುವುದು ತೆಲುಗಿನಲ್ಲಿ. ನಮ್ಮ ಲಿಪಿಗೆ ತಂಗಿಯಾದ್ದರಿಂದ ತಡವರಿಸುತ್ತ ಅರ್ಧ ಓದಿದೆ, ಗೇಟಿನ ಬಳಿ ನಿಂತಿದ್ದ ಅಜ್ಜಿಯ ಹೆಸರನ್ನು ಗುರುತು ಹಿಡಿದೆ. ತೆಲುಗಿನ ತಲಕಟ್ಟು ಸರಿ ಗುರುತಿನ ಹಾಗೇ ಇರುತ್ತದೆ. ಲೆಕ್ಕ ತಾಳೆಯಾಯಿತೆಂದು ನಾನು ಹಸಿರು ಪೆನ್ನಿನಲ್ಲಿ ಹಾಕುವ ಗುರುತೂ ಅದೇ. ಪೆನ್ನು ತೆರೆದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಪುಟದ ತುಂಬ ಅದೇ ಗುರುತು ಮೊದಲೇ ಇತ್ತು.