ಕೆಸರು ಇನ್ನೂ ಸತ್ತಿಲ್ಲ

"ಸಾರ್, ಸ್ವಲ್ಪ ತಡೀರಿ. ಕೆಸರು ಇನ್ನೂ ಸತ್ತಿಲ್ಲ."

ಈ ವಾರ ಹೊಗೆ ತೊಳೆಯುವ ಯಂತ್ರವೊಂದರ, ಅಂದರೆ ಸ್ಕ್ರಬ್ಬರ್‌ನ, ಟ್ರಯಲ್‌ನಲ್ಲಿ ಕೇಳಿದ ಮಾತು, ಕಿವಿ ಬಿಟ್ಟು ಹೋಗುತ್ತಿಲ್ಲ. ಹೇಳಿದ್ದು ಶಿಫ್ಟ್ ಆಪರೇಟರ್. ಹೇಳಿಸಿಕೊಂಡಿದ್ದು ಅವರ ಅರ್ಧ ವಯಸ್ಸಿನ ಎಂಜಿನಿಯರ್. ಬಾಯ್ಲರ್ ಹೊಗೆಯಲ್ಲಿನ ಸಲ್ಫರ್ ಡೈಆಕ್ಸೈಡ್ ತೊಳೆಯಲು ಅಲ್ಲಿ ಸುಣ್ಣದಕಲ್ಲಿನ ಬದಲು ರೆಡ್ ಮಡ್ ಬಳಸುತ್ತಿದ್ದರು. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಅದು. ಕೆಸರಿನ ಟ್ಯಾಂಕಿನ ಪಿಎಚ್ (7ಕ್ಕಿಂತ ಹೆಚ್ಚಿದ್ದರೆ ಕ್ಷಾರ, ಕಡಿಮೆಯಿದ್ದರೆ ಆಮ್ಲ) 11ರಿಂದ 4.5ಕ್ಕೆ ಇಳಿದಿತ್ತು, ಚಿಮಣಿಯಲ್ಲಿ ಸಲ್ಫರ್ ಡೈಆಕ್ಸೈಡ್ ಅಳೆಯುವ ಮೀಟರ್ ಮೇಲೇರುತ್ತಿತ್ತು. ಎಂಜಿನಿಯರ್ ಡ್ರೇನ್ ಮಾಡಿಸಲು ಹೊರಟರು. ಆಪರೇಟರ್ ಮಾತ್ರ ಹೊಗೆಯನ್ನು ಪಕ್ಕದ ಟ್ಯಾಂಕಿನ ಸ್ಲರಿಗೆ, ಅಂದರೆ ನೀರಿನಲ್ಲಿ ಕದಡಿದ ಕೆಸರಿಗೆ, ತಿರುಗಿಸಿ, ಈ ಟ್ಯಾಂಕನ್ನು ಕಲಕುವ ಅಜಿಟೇಟರ್ ತಿರುಗಲು ಬಿಟ್ಟರು. ಬೆಳಿಗ್ಗೆ ಅದೇ ಕೆಸರಿನ ಪಿಎಚ್ 6.3. ಹೊಸದಾಗಿ ಒಂದು ಹಿಡಿ ಕ್ಷಾರವನ್ನೂ ಹಾಕಿರಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ರೆಡ್ ಮಡ್‌ನ ಕ್ಷಾರ ಎರಡು ಕಡೆ ಕೂತಿರುತ್ತದೆ. ನೀರಿನಲ್ಲಿ ಕರಗಿರುವ ಕಾಸ್ಟಿಕ್ ಮತ್ತು ಸೋಡಿಯಂ ಕಾರ್ಬೊನೇಟ್ ಹೊಗೆ ತಾಗಿದ ಕೆಲವೇ ನಿಮಿಷಗಳಲ್ಲಿ ಖರ್ಚಾಗುತ್ತವೆ. ಉಳಿದ ದೊಡ್ಡ ಪಾಲು ಸೋಡಾಲೈಟ್, ಕ್ಯಾಲ್ಸೈಟ್, ಕ್ಯಾಲ್ಸಿಯಂ ಅಲ್ಯುಮಿನೇಟ್‌ನಂಥ ಖನಿಜಗಳ ಘನ ಕಣಗಳಲ್ಲಿದೆ, ಅವು ನಿಧಾನಕ್ಕೆ ಕರಗುತ್ತವೆ. ಪಿಎಚ್ ಮೀಟರ್ ಓದುವುದು ನೀರನ್ನು, ಕಣದ ಒಳಗನ್ನಲ್ಲ. ಸುಣ್ಣದ ಸ್ಕ್ರಬ್ಬರ್‌ನಲ್ಲಿ ಪಳಗಿದವರು ಇಲ್ಲಿಯೇ ಎಡವುತ್ತಾರೆ. ಆ ಎಂಜಿನಿಯರ್ ಜಾಣರೇ, ಆದರೆ ಟ್ರೆಂಡ್ ಗ್ರಾಫ್ ಬಿಟ್ಟು ಟ್ಯಾಂಕಿನತ್ತ ಕಣ್ಣು ಹಾಯಿಸುವುದಿಲ್ಲ. ಆಪರೇಟರ್‌ಗೆ ಸೋಡಾಲೈಟ್ ಎಂಬ ಹೆಸರು ಗೊತ್ತಿಲ್ಲದಿರಬಹುದು, ಕೆಸರಿನ ನಡೆ ಗೊತ್ತು. ಇಂಥವರ ಮಾತು ಲಾಗ್‌ಬುಕ್ಕಿಗೆ ಏರದಿರುವುದು ನಮ್ಮ ಕಾರ್ಖಾನೆಗಳ ದೊಡ್ಡ ನಷ್ಟ.

ಹಾಗಾಗಿ ಒಂದೇ ಟ್ಯಾಂಕಿಟ್ಟು ಈ ಕೆಲಸಕ್ಕೆ ಇಳಿಯಬಾರದು. ಎರಡು ಬೇಕು: ಒಂದು ಹೊಗೆ ತೊಳೆಯುವಾಗ ಇನ್ನೊಂದು ಕಲಕುತ್ತಾ ಚೇತರಿಸಿಕೊಳ್ಳಬೇಕು. ಚೇತರಿಕೆಯ ಟ್ಯಾಂಕಿಗೆ ಗಾಳಿಯನ್ನೂ ಊದಬೇಕು. ಹೊಗೆ ಹೀರಿದ ಸ್ಲರಿಯಲ್ಲಿ, ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಆಗುವ ಬೈಸಲ್ಫೈಟ್ ಇರುತ್ತದೆ. ಅದು ಗಾಳಿ ತಾಗಿ ಸಲ್ಫೇಟ್ ಆಗುವಾಗ ಆಮ್ಲ ಬಿಡುತ್ತದೆ, ಹಾಗಾಗಿ ಗಾಳಿ ಊದಿದರೆ ಮೊದಲು ಪಿಎಚ್ ಇನ್ನೂ ಇಳಿದೀತು. ಗಾಬರಿಯಾಗಬೇಕಿಲ್ಲ. ಗಾಳಿಯ ಈ ಉತ್ಕರ್ಷಣ ಮುಗಿದು, ಕಣಗಳು ಆ ಆಮ್ಲವನ್ನೂ ನುಂಗಿದ ಮೇಲೆ ನಿಲ್ಲುವ ಅಂಕಿಯೇ ನಿಜವಾದ ಪಿಎಚ್. ಅದೂ 5ರ ಆಚೆ ಏರದಿದ್ದರೆ ಮಾತ್ರ ಆ ಕೆಸರಿನ ಕೆಲಸ ಮುಗಿದಿದೆ ಎನ್ನಬಹುದು.

ಇಷ್ಟು ತಿಳಿದವರೂ ಇನ್ನಷ್ಟು ಹಿಂಡೋಣ ಎಂದು ಪಿಎಚ್ ಅನ್ನು 4ರ ಕೆಳಗೆ ಒಯ್ಯುವುದುಂಟು. ಅಲ್ಲಿಂದಾಚೆ ಬರೀ ತೊಂದರೆ. ಸೋಡಾಲೈಟ್ ಪೂರ್ತಿ ಒಡೆದು ಸಿಲಿಕಾ ಮತ್ತು ಅಲ್ಯುಮಿನಿಯಂ ನೀರಿಗಿಳಿಯುತ್ತವೆ, ಸಿಲಿಕಾ ಆಮೇಲೆ ಜೆಲ್ ಆಗುತ್ತದೆ. ಹಾಗಾದ ಮೇಲೆ ಸ್ಪ್ರೇ ನಾಝಲ್ ಬಿಚ್ಚಿ ನೋಡಿದರೆ ಒಳಗೆಲ್ಲ ತಣ್ಣಗಾದ ಗಂಜಿಯಂಥ ಲೋಳೆ, ನಡುವೆ ಕೆಂಪು ಗೆರೆಗಳು. ಬೆರಳಿಗೆ ಜಾರುತ್ತದೆ, ನೀರಿನ ಪೈಪ್ ಹಿಡಿದರೂ ಬಿಡುವುದಿಲ್ಲ. ಹೊಗೆಯಲ್ಲಿನ ಹನಿ ಹಿಡಿಯುವ ಮಿಸ್ಟ್ ಎಲಿಮಿನೇಟರ್ ಕಟ್ಟಿಕೊಂಡು ಫ್ಯಾನಿನ ಮೇಲೆ ಒತ್ತಡ ಏರುತ್ತದೆ, ಫಿಲ್ಟರ್ ಬಟ್ಟೆ ಮುಚ್ಚಿಹೋಗುತ್ತದೆ. ಇನ್ನು ಕ್ಯಾಲ್ಸಿಯಂ ಹೆಚ್ಚಿರುವ ಕೆಸರಾದರೆ ಜಿಪ್ಸಂ ಗೋಡೆಗಂಟುತ್ತದೆ. ಕೆಸರನ್ನು ಮೊದಲೇ ಜರಡಿ ಹಿಡಿದು ಒರಟು ಮರಳು ತೆಗೆದು, ಘನಾಂಶವನ್ನು 10 ಶೇಕಡಾದ ಆಸುಪಾಸಿನಲ್ಲಿಟ್ಟುಕೊಂಡರೆ ಪಂಪಿನ ಇಂಪೆಲ್ಲರ್ ಸವೆಯುವುದಾದರೂ ತಗ್ಗುತ್ತದೆ.

"ಪುಕ್ಕಟೆ ಸಿಗುತ್ತೆ" ಎಂದು ಹಾರಾಡುವವರಿಗೆ ಒಂದು ಲೆಕ್ಕ. ಗಂಟೆಗೆ ಒಂದು ಲಕ್ಷ ಘನಮೀಟರ್ ಹೊಗೆ, ಪ್ರತಿ ಘನಮೀಟರಿನಲ್ಲಿ 1500 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಎಂದಿಟ್ಟುಕೊಳ್ಳಿ. ತೆಗೆಯಬೇಕಾದದ್ದು ಗಂಟೆಗೆ 150 ಕಿಲೋ. ಅದಕ್ಕೆ ಶುದ್ಧ ಸುಣ್ಣದಕಲ್ಲು ಸುಮಾರು 235 ಕಿಲೋ ಸಾಕು. ಒಂದು ಕಿಲೋ ಒಣ ಕೆಸರು 2 ಮೋಲ್ (ರಸಾಯನದಲ್ಲಿ ಪ್ರಮಾಣದ ಅಳತೆ) ಆಮ್ಲ ನುಂಗುತ್ತದೆ ಎಂದು ಹಿಡಿಯಿರಿ; 64 ಗ್ರಾಂ ಸಲ್ಫರ್ ಡೈಆಕ್ಸೈಡ್ ಕೊಡುವ ಆಮ್ಲವೂ 2 ಮೋಲ್, ಹಾಗಾಗಿ ಒಂದು ಟನ್ ಕೆಸರು ನುಂಗುವುದು 64 ಕಿಲೋ ಅನಿಲ. ಅಂದರೆ ಗಂಟೆಗೆ 2.3 ಟನ್ ಒಣ ಕೆಸರು ಬೇಕು, ಸ್ಲರಿಯಾಗಿ 23 ಟನ್. ಸುಣ್ಣದಕಲ್ಲಿನ ಹತ್ತು ಪಟ್ಟು ಭಾರ. ಲಾರಿಯಲ್ಲಿ ದೂರ ಸಾಗಿಸಿದರೆ ಉಳಿಸಿದ್ದೆಲ್ಲ ಡೀಸೆಲ್‌ಗೆ ಹೋಗುತ್ತದೆ. ಕೆಸರಿನ ಕೊಳವೂ ಚಿಮಣಿಯೂ ಒಂದೇ ಬೇಲಿಯೊಳಗಿದ್ದರೆ ಮಾತ್ರ ಇದು ಗಿಟ್ಟುವ ಕೆಲಸ. ಆ 2 ಮೋಲ್ ಕೂಡ ಎಲ್ಲ ಕೆಸರಿಗೂ ಒಂದೇ ಅಲ್ಲ. ನಿಮ್ಮ ಕೊಳದ ಕೆಸರನ್ನು ಟೈಟ್ರೇಟ್ ಮಾಡಿ, ಅಂದರೆ ಆಮ್ಲ ಹನಿಸುತ್ತಾ ಎಷ್ಟು ನುಂಗುತ್ತದೆ ಎಂದು ಅಳೆದು, ದಿನಗಟ್ಟಲೆ ಕಾದು ಓದಿದ ಅಂಕಿಯನ್ನೇ ನಂಬಿ.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಒಂದು ಟನ್ ಅಲ್ಯುಮಿನಾ ತೆಗೆದಾಗ ಹೆಚ್ಚುಕಡಿಮೆ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಕೆಸರು ಉಳಿಯುತ್ತದೆ. ಹಂಗೇರಿಯ ಆಯ್ಕಾದಲ್ಲಿ 2010ರ ಅಕ್ಟೋಬರ್ 4ರಂದು ಅಂಥ ಕೊಳದ ಕಟ್ಟೆ ಒಡೆದು 10 ಜನ ಸತ್ತರು. ಅಲ್ಲಿ ಜನರ ಮೈ ಸುಟ್ಟದ್ದು ಇದೇ ಕ್ಷಾರ. ಅದನ್ನು ಹೊಗೆಯ ಆಮ್ಲಕ್ಕೆ ಜೋಡಿಸಿ ಎರಡನ್ನೂ ತಣಿಸಬಹುದಾದರೆ, ಅದನ್ನು ಕೊಳದಲ್ಲೇ ಬಿಟ್ಟು ಕೂರುವುದು ಸರಿಯೆನಿಸುವುದಿಲ್ಲ.

ಆದರೆ ತೊಳೆದಾದ ಮೇಲೆ ಕೈತೊಳೆದುಕೊಳ್ಳುವ ಹಾಗಿಲ್ಲ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್‌ನಿಂದ ಇಳಿಯುವ ನೀರಿನ ತುಂಬ ಸೋಡಿಯಂ ಸಲ್ಫೇಟ್. ಅದು ಹಳ್ಳ ಸೇರಿದರೆ ಗಾಳಿಯ ಕೊಳೆಯನ್ನು ನೀರಿಗೆ ದಾಟಿಸಿದಂತಾಯಿತು, ಅಷ್ಟೆ. ಉಪ್ಪನ್ನು ಆವಿಯಾಗಿಸಿ ಬೇರ್ಪಡಿಸುವ ಖರ್ಚನ್ನು ಮೊದಲ ದಿನದ ಅಂದಾಜಿನಲ್ಲೇ ಸೇರಿಸಬೇಕು. ಉಳಿದ ಗಟ್ಟಿಯನ್ನು ಇಟ್ಟಿಗೆಗೋ ಸಿಮೆಂಟಿಗೋ ಕೊಡುವ ಮುಂಚೆ ಆರ್ಸೆನಿಕ್, ವೆನೇಡಿಯಂ, ಕ್ರೋಮಿಯಂ ಎಷ್ಟು ಸೋರುತ್ತವೆ, ಥೋರಿಯಂನಿಂದ ಬರುವ ವಿಕಿರಣ ಎಷ್ಟು ಎಂದು ಪ್ರತಿ ಬ್ಯಾಚಿನಲ್ಲೂ ಅಳೆಯಬೇಕು. ಮೂಲ ಕೆಸರಿನ ಹಳೆಯ ವರದಿಯನ್ನೇ ಇದಕ್ಕೂ ತೋರಿಸಿದರೆ ಒಪ್ಪಬೇಡಿ. ಪಿಎಚ್ ಬದಲಾದ ಮೇಲೆ ಸೋರುವ ಲೋಹಗಳ ಲೆಕ್ಕವೂ ಬದಲಾಗಿರುತ್ತದೆ.